ಎರೆಯುವ ಕೈ

ಕಂಪ್ಲಿ
14-9-2006

ತುಳಸಿಗೆ,

ನಾನು ಸುಖವಾಗಿ ಊರು ಮುಟ್ಟಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸಿಟ್ಟಿದ್ದರೆ ಬರೆಯುತ್ತಲೇ ಇರಲಿಲ್ಲ. ನನ್ನ ಕನ್ನಡಕ ನಿಮ್ಮ ಒಲೆಯ ಕಟ್ಟೆಯ ಮೇಲೆ ಉಳಿದಿದೆ, ಮಗ ಹನುಮೇಶನ ಕೈಯಲ್ಲಿ ಯಾವಾಗಲಾದರೂ ಕಳಿಸು. ಅದಿಲ್ಲದೆ ಈ ಕಾಗದದ ಗೆರೆಗಳು ನನಗೆ ಕಾಣುತ್ತಿಲ್ಲ. ಸಾಲು ಸೊಟ್ಟಗಿದ್ದರೆ ನಗಬೇಡ.

ನಿನ್ನ ತಾಯಿ ಇಲ್ಲ, ಸಂಡೂರಿನ ತವರಿನಲ್ಲಿ ನಿನ್ನನ್ನು ನೋಡುವವರಿಲ್ಲ ಎಂದು ಬಾಣಂತನವನ್ನು ನಾನೇ ಮಾಡಿದೆ. ಉಪಕಾರ ಎಂದು ಹೇಳುತ್ತಿಲ್ಲ, ಹುಲಿಗಿ ನನ್ನ ಮೊಮ್ಮಗಳು. ಆದರೆ ಕಂಪ್ಲಿಯ ನಮ್ಮ ಓಣಿಯಲ್ಲಿ ನನ್ನ ಕೈಯಿಂದ ಎರೆಸಿಕೊಳ್ಳದೆ ದೊಡ್ಡದಾದ ಕೂಸು ಯಾವುದಿದೆ, ನೀನೇ ಕೇಳಿ ನೋಡು. ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿ, ಬಿಸಿನೀರು ಹಾಕಿ, ಕಡೆಗೆ ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ ತೂಗಿದರೇ ಎರೆದದ್ದು ಪೂರ್ತಿ. ನನ್ನ ಅತ್ತೆ ಹೀಗೆ ಮಾಡಿದಳು, ಅವಳ ಅತ್ತೆಯೂ ಮಾಡಿದಳು. ಕೂಸಿನ ಕೈಕಾಲು ಸಡಿಲಾಗಲಿ ಎಂದು ಮಾಡುವುದು, ಚೆಲ್ಲಾಟಕ್ಕಲ್ಲ.

ಯಾರೋ ನರ್ಸಮ್ಮ ತೂಗಬಾರದು ಎಂದಳಂತೆ. ಸರಿ, ಓದಿದವರು ಹೇಳಿದ್ದಾರೆ. ಅದನ್ನು ನನಗೊಬ್ಬಳಿಗೇ ಒಳಗೆ ಕರೆದು ಹೇಳಬಹುದಿತ್ತು. ಪಕ್ಕದ ಮನೆಯ ಜಂಬಕ್ಕನ ಎದುರಿಗೆ, ನೀರು ಸೋರುವ ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು, ‘ನನ್ನ ಕೂಸಿನ ಮ್ಯಾಲೆ ಇನ್ನ ಕೈ ಇಡಬ್ಯಾಡ್ರಿ ಅತ್ತಿ’ ಅಂದೆಯಲ್ಲ, ಆಗ ನನ್ನ ಕೈ ಎಲ್ಲಿ ಇಟ್ಟುಕೊಳ್ಳಬೇಕೋ ನನಗೇ ತಿಳಿಯಲಿಲ್ಲ. ಸೀರೆಗೆ ಒರೆಸಿಕೊಂಡು ಬಸ್ಸಿಗೆ ಬಂದುಬಿಟ್ಟೆ.

ಉತ್ತರ ಬರೆಯುವುದಿದ್ದರೆ ಬರಿ. ನಿಮ್ಮ ಮಾವ ದುಡಿಯುವ ರೈಸ್ ಮಿಲ್ಲಿನ ಫೋನಿಗೆ ಮಾಡಬೇಡ. ಅವರನ್ನು ಕರೆಯುವ ನೆಪದಲ್ಲಿ ಹಮಾಲರೆಲ್ಲ ಬಂದು ಕಿವಿಗೊಟ್ಟು ನಿಲ್ಲುತ್ತಾರೆ.

ಕೂಸಿಗೆ ನನ್ನ ಮುತ್ತು. ಅದಕ್ಕೂ ನರ್ಸಮ್ಮನ ಅಪ್ಪಣೆ ಬೇಕಾದರೆ ಕೇಳಿಕೊಂಡು ಕೊಡು.

ನಿನ್ನ ಅತ್ತೆ,
ಭರಮಮ್ಮ

*

ಕುರೆಕುಪ್ಪ
23-9-2006

ಅತ್ತೆಯವರಿಗೆ ತುಳಸಿಯ ನಮಸ್ಕಾರ.

ಕನ್ನಡಕ ಜೋಪಾನವಾಗಿದೆ. ಇವರಿಗೆ ಕಂಪ್ಲಿ ಕಡೆ ಬರಲು ರಜೆ ಸಿಕ್ಕಿಲ್ಲ. ಅದಿರಿನ ಲೋಡು ಒಂದೇ ಸಮನೆ ಹೋಗುತ್ತಿದೆ, ಚೀನಾದವರು ಗುಡ್ಡವನ್ನೇ ಕೇಳುತ್ತಿದ್ದಾರಂತೆ. ಇವರು ಸಂಜೆ ಟಿಪ್ಪರ್ ಹತ್ತಿದರೆ ಇಳಿಯುವುದು ಬೆಳಗಾದ ಮೇಲೆ. ಬಂದು ಮುಖ ತೊಳೆದರೆ ಬಚ್ಚಲೆಲ್ಲ ಕೆಂಪು. ಉಂಡು, ಕಣ್ಣ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಾರೆ.

ಅಂದು ನಾನು ಆಡಿದ ಮಾತು ಒರಟಾಯಿತು, ಅದನ್ನು ಒಪ್ಪುತ್ತೇನೆ. ಆದರೆ ತೂಗುವುದು ಬೇಡ ಎಂಬುದು ಇವತ್ತಿಗೂ ನನ್ನ ಮಾತೇ. ಈಗ ನಾನೇ ಎರೆಯುತ್ತೇನೆ. ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ನೀರು ಹಾಕುವಷ್ಟರಲ್ಲಿ ನನಗೂ ಸ್ನಾನವಾಗಿರುತ್ತದೆ.

ಹುಲಿಗಿ ಭಾಳ ಅಳುತ್ತಾಳೆ. ಹೊಟ್ಟೆ ತುಂಬಿರುತ್ತದೆ, ಬಟ್ಟೆ ಒಣಗಿರುತ್ತದೆ, ಮೈ ಬಿಸಿ ಇರುವುದಿಲ್ಲ. ಆದರೂ ಅಳುತ್ತಾಳೆ. ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಯಾರೋ ಹೊಡೆದಂತೆ. ಮೊದಲು ಸಂಜೆ ಮಾತ್ರ ಇತ್ತು, ಈಗ ಹಗಲೂ ಶುರುವಾಗಿದೆ. ಇವರು ಎದ್ದು ಕುಳಿತು, ‘ಒಂದ್ ತಾಸರ ಮಲಗಾಕ ಬಿಡ್ರೆ, ರಾತ್ರಿ ಘಾಟ್‌ನ್ಯಾಗ ಕಣ್ಣು ಮುಚ್ಚಿದ್ರ ನಾ ಕಣಿವ್ಯಾಗ ಇರ್ತೀನಿ’ ಎನ್ನುತ್ತಾರೆ. ಅದೂ ನಿಜವೇ. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಹೊರಗೆ ತಿರುಗುತ್ತೇನೆ. ನೆರಳಿಗೆ ಒಂದು ಗಿಡವಿಲ್ಲ ಇಲ್ಲಿ. ಜಂಬಕ್ಕ ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳನ್ನು ಬಿಟ್ಟರೆ ಈ ಸಾಲು ಮನೆಗಳಲ್ಲಿ ನನ್ನ ಹೆಸರು ಗೊತ್ತಿರುವವರು ಇಲ್ಲ. ನಿನ್ನೆ ಹುಲಿಗಿ ಅತ್ತಂತೆ ನಾನೂ ಅತ್ತೆ. ಇಬ್ಬರಲ್ಲಿ ಅವಳೇ ಮೊದಲು ಸುಮ್ಮನಾದಳು.

ಇದನ್ನೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ನೀವು ಬನ್ನಿ ಎಂದು ಬರೆಯುತ್ತಿಲ್ಲ, ನನ್ನಿಂದಾಗುತ್ತದೆ.

ನಿಮ್ಮ ಸೊಸೆ,
ತುಳಸಿ

*

ಕಂಪ್ಲಿ
29-9-2006

ತುಳಸಿ,

ನಿನ್ನ ಪತ್ರವನ್ನು ನಿಮ್ಮ ಮಾವನ ಕನ್ನಡಕ ಹಾಕಿಕೊಂಡು ಓದಿದೆ. ಅಕ್ಷರ ಎರಡೆರಡು ಕಂಡವು, ಹಾಗಾಗಿ ನೀನು ಅತ್ತದ್ದೂ ಎರಡು ಸಲ ಓದಿದಂತಾಯಿತು.

ಕೇಳು. ಈ ವಯಸ್ಸಿನ ಕೂಸು ಅಳುತ್ತದೆ. ಎರಡು-ಮೂರು ತಿಂಗಳು ಅದೊಂದು ಕಾಲ. ಹನುಮೇಶ ಅತ್ತದ್ದು ನೋಡಿದ್ದರೆ ನೀನು ಅವನನ್ನು ಮದುವೆಯೇ ಆಗುತ್ತಿರಲಿಲ್ಲ. ಅವನು ಅತ್ತರೆ ಕಾಲುವೆಯ ಆಚೆ ಗದ್ದೆಯಲ್ಲಿ ನಾಟಿ ಹಚ್ಚುವವರು ತಲೆ ಎತ್ತಿ ನೋಡುತ್ತಿದ್ದರು. ಆಮೇಲೆ ಒಂದು ದಿನ ತಾನೇ ಬಿಟ್ಟ. ಹುಲಿಗಿಯೂ ಬಿಡುತ್ತಾಳೆ. ನಿನ್ನ ಹಾಲು ಕಡಿಮೆಯಲ್ಲ, ನಿನ್ನ ಕೈಗುಣ ಕೆಟ್ಟದ್ದಲ್ಲ.

ಮೊದಲು ಹಾಲು, ಬಟ್ಟೆ, ಮೈ ಬಿಸಿ ನೋಡು. ಎಲ್ಲ ಸರಿಯಿದ್ದೂ ಅಳುತ್ತಿದ್ದರೆ ಎದೆಗೆ ಒತ್ತಿಕೊಂಡು ನಡಿ. ಅದಕ್ಕೂ ಕೇಳಲಿಲ್ಲವೆಂದರೆ, ನಿನ್ನ ತಲೆಯಲ್ಲಿ ‘ಟಣ್’ ಎಂದು ಏನೋ ಹರಿಯುವ ಹಾಗಾದರೆ, ಕೂಸನ್ನು ತೊಟ್ಟಿಲಲ್ಲಿ ಅಂಗಾತ ಹಾಕು. ಹಾಕಿ ಹೊರಗೆ ಬಾ. ಕಟ್ಟೆಯ ಮೇಲೆ ಕುಳಿತು ತಣ್ಣನೆ ನೀರು ಕುಡಿ. ಆಗಾಗ ಇಣುಕಿ ನೋಡು. ಅಳಲಿ ಬಿಡು. ಅತ್ತು ಕೆಟ್ಟ ಕೂಸು ಇಲ್ಲ. ಸಿಟ್ಟು ಬಂದ ಕೈಯಲ್ಲಿ ಮಾತ್ರ ಕೂಸು ಇರಬಾರದು. ಅಳುವ ಕೂಸು ಬಿಟ್ಟು ಹೊರಗೆ ಕುಳಿತವಳನ್ನು ಓಣಿಯವರು ಏನಾದರೂ ಅಂದಾರು. ಅನ್ನಲಿ. ನಾನು ಎಷ್ಟು ಸಲ ಕುಳಿತಿಲ್ಲ!

ಇದನ್ನು ಹನುಮೇಶನಿಗೆ ಓದಿ ಹೇಳಲು ಹೋಗಬೇಡ ಮತ್ತೆ. ಹೆಂಗಸರ ಮಾತು ಇದು, ಗಂಡಸರಿಗೆ ಯಾಕೆ? ಬಾಣಂತಿ ಕೋಣೆಯೊಳಗೆ ಅವನನ್ನು ನಾನು ಕಾಲಿಡಗೊಡಲಿಲ್ಲ, ಕೂಸನ್ನು ಹೊಸ್ತಿಲಾಚೆಯಿಂದಲೇ ನೋಡಿ ಹೋದ. ಗಂಡಸರ ಕೈಗೆ ಕೂಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅವನಿಗೆ ಸ್ಟೇರಿಂಗ್ ಹಿಡಿಯಲು ಬಂದರೆ ಸಾಕು.

ಕರೆದರೆ ಬರುತ್ತೇನೆ. ಕರೆಯದೆ ಬರುವುದಿಲ್ಲ. ನನಗೂ ಒಂದಿಷ್ಟು ಮರ್ಯಾದೆ ಇದೆ. ಆದರೆ ಕಂಪ್ಲಿಯಿಂದ ಮುಂಜಾನೆಯ ಬಸ್ಸಿದೆ ಎಂಬುದು ನಿನಗೆ ಗೊತ್ತಿರಲಿ.

ಭರಮಮ್ಮ

*

ಬಳ್ಳಾರಿ
12-10-2006

ಅವ್ವಗೆ,

ಹುಲಿಗಿ ಆಸ್ಪತ್ರೆಯಲ್ಲಿದ್ದಾಳೆ. ಫಿಟ್ಸ್ ಬಂತು. ತಲೆಯೊಳಗೆ ರಕ್ತ ಇಳಿದಿದೆ ಎಂದು ಸ್ಕ್ಯಾನಿನಲ್ಲಿ ಬಂದಿದೆ. ಹೊರಗೆ ಒಂದು ಗಾಯವೂ ಇಲ್ಲ. ಈಗ ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ, ಮುಂದಿನದು ಈಗಲೇ ಹೇಳಲಾಗದು ಎನ್ನುತ್ತಾರೆ.

ಹೇಗಾಯಿತು ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ನೀನು ಎರೆಯುವಾಗ ಕಾಲು ಹಿಡಿದು ತಲೆಕೆಳಗೆ ತೂಗುತ್ತಿದ್ದೆಯಲ್ಲ, ಅದರಿಂದಲೇ ಆಗಿರಬೇಕು ಎಂದು ಹೇಳಿದ್ದೇನೆ. ತುಳಸಿಯೂ ಹಾಗೇ ತಿಳಿದಿದ್ದಾಳೆ.

ನೀನು ಬರಬೇಡ. ಬಂದರೆ ಇಲ್ಲಿ ಮಾತು ಬೆಳೆಯುತ್ತದೆ. ಅಪ್ಪನಿಗೆ ನೀನೇ ತಿಳಿಸು.

ಹನುಮೇಶ

*

ಕಂಪ್ಲಿ
24-10-2006

ತುಳಸಿ,

ಈ ಕಾಗದವನ್ನು ಹರಿದು ಹಾಕುವುದಾದರೆ ಓದಿ ಹರಿ.

ಬರಬೇಡ ಎಂದು ಬರೆದಿದ್ದರೂ ಬಂದಿದ್ದೆ. ಆಸ್ಪತ್ರೆಯ ಗೇಟಿನವರೆಗೆ ಬಂದೆ. ಎದುರಿನ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದೆ. ನೀನು ಹೊರಗೆ ಬಂದು ಅಂಗಡಿಯಲ್ಲಿ ಬ್ರೆಡ್ಡು ತೆಗೆದುಕೊಂಡೆ. ತಲೆ ಬಾಚಿರಲಿಲ್ಲ, ಕುಪ್ಪಸ ತಿರುವುಮುರುವು ಹಾಕಿಕೊಂಡಿದ್ದೆ. ನಾನು ಎದ್ದು ನಿಂತೆ. ಏನೆಂದು ಕರೆಯಲಿ? ತಿರುಗಿ ಬಸ್ ಸ್ಟ್ಯಾಂಡಿಗೆ ಹೋದೆ.

ನಾನೇ ಮಾಡಿದೆನೇನೋ. ಹಗಲೆಲ್ಲ ಅದೇ ಯೋಚನೆ. ಕಡೆಯ ಸಲ ಎರೆದಾಗ ಹುಲಿಗಿ ನಕ್ಕಿದ್ದಳು, ಹಲ್ಲಿಲ್ಲದ ಬಾಯಿ ತೆರೆದು. ನೋವಾಗಿದ್ದರೆ ನಗುತ್ತಿದ್ದಳೇ ಎನ್ನುತ್ತೇನೆ. ಕೂಸಿಗೆ ಏನು ತಿಳಿಯುತ್ತದೆ, ನಗುತ್ತಲೇ ಒಳಗೆ ರಕ್ತ ಸೋರುತ್ತಿತ್ತೇನೋ ಎಂದೂ ಅನ್ನಿಸುತ್ತದೆ. ಆಮೇಲೆ ಈ ಓಣಿಯ ಕೂಸುಗಳೆಲ್ಲ ಕಣ್ಣ ಮುಂದೆ ಬರುತ್ತವೆ. ಪಕ್ಕೀರಪ್ಪನ ಎರಡನೆಯ ಮಗ ಶಾಲೆಯಲ್ಲಿ ಹಿಂದೆ ಬಿದ್ದಿದ್ದಾನೆ, ಅದಕ್ಕೂ ನಾನೇ ಕಾರಣವೇ?

ಸುದ್ದಿ ಊರಿಗೆ ಬಂದಿದೆ. ಯಾರೂ ಎದುರಿಗೆ ಅಂದಿಲ್ಲ. ಎರ್ರೆಮ್ಮನ ಮಗಳು ಹಡೆದು ಒಂಬತ್ತು ದಿನವಾದರೂ ನನ್ನನ್ನು ಎರೆಯಲು ಕರೆಯಲಿಲ್ಲ, ಅಷ್ಟೇ. ಕರೆದಿದ್ದರೂ ಹೋಗುತ್ತಿರಲಿಲ್ಲ. ದೀಪಾವಳಿಗೆ ನೀರು ತುಂಬುವಾಗ ನಿಮ್ಮ ಮಾವ, ‘ಬೆನ್ನಿಗಿಷ್ಟು ಎಣ್ಣಿ ಹಚ್ಚು’ ಅಂದರು. ಕೈ ಮೇಲೇಳಲಿಲ್ಲ. ಅವರು ತಾವೇ ಹಚ್ಚಿಕೊಂಡರು.

ನಿನ್ನ ಕ್ಷಮೆ ಕೇಳುವ ಧೈರ್ಯ ಇಲ್ಲ. ಹುಲಿಗಿ ಹಾಲು ಕುಡಿಯುತ್ತಾಳೆಯೇ? ಅದೊಂದನ್ನು ಕಾರ್ಡಿನಲ್ಲಿ ಬರೆದು ಹಾಕು. ‘ಕುಡಿಯುತ್ತಾಳೆ’ ಎಂಬ ಒಂದು ಮಾತು ಸಾಕು, ಹೆಸರೂ ಬರೆಯಬೇಡ.

ಭರಮಮ್ಮ

*

ಬಳ್ಳಾರಿ
7-11-2006

ಅತ್ತೆ,

ಹುಲಿಗಿ ಹಾಲು ಕುಡಿಯುತ್ತಾಳೆ.

ಅಂದು ಬೇವಿನ ಗಿಡದ ಕೆಳಗೆ ನೀವು ನನಗೆ ಕಂಡಿದ್ದಿರಿ. ಕಂಡರೂ ಕಾಣದವಳಂತೆ ಒಳಗೆ ಹೋದೆ. ಮೊದಲು ಅದನ್ನು ಹೇಳಬೇಕು, ಆಮೇಲೆ ಉಳಿದದ್ದು.

ನೀವು ಮಾಡಿದ್ದಲ್ಲ.

ಇಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದಾರೆ. ನಿಮ್ಮ ಮಗನ ಮಾತು ಕೇಳಿಯೂ ಅವರು ಬಿಡಲಿಲ್ಲ. ನನ್ನನ್ನು ಬೇರೆ ಕರೆದು, ಅಜ್ಜಿ ಊರಿಗೆ ಹೋಗಿ ಎಷ್ಟು ದಿನವಾಗಿತ್ತು ಎಂದು ಕೇಳಿದರು. ಮೂರು ವಾರದ ಮೇಲಾಗಿತ್ತು ಎಂದೆ. ಅಂದು ಬೆಳಿಗ್ಗೆ ಕೂಸು ಹೇಗಿತ್ತು ಎಂದರು. ನಗುತ್ತಿತ್ತು, ಹಾಲು ಕುಡಿಯಿತು ಎಂದೆ. ‘ನೋಡಮ್ಮಾ, ಇಷ್ಟು ದೊಡ್ಡ ಪೆಟ್ಟು ಬಿದ್ದ ಕೂಸು ವಾರಗಟ್ಟಲೆ ನಕ್ಕೊಂತ ಇರಂಗಿಲ್ಲ. ಅವತ್ತ ಏನೋ ಆಗೇತಿ. ಯಾರರ ಕೂಸನ್ನ ಜೋರಾಗಿ ಜಾಡಿಸಿದ್ರಾ?’ ಎಂದರು. ಕೂಸಿನ ತಲೆ ಭಾರ, ಕತ್ತು ಎಳೆಯದು. ಹಿಡಿದು ಜಾಡಿಸಿದರೆ ಮೆದುಳು ಒಳಗೇ ಅತ್ತಿತ್ತ ಬಡಿದು ಸಣ್ಣ ನರಗಳು ಹರಿಯುತ್ತವಂತೆ. ಕಣ್ಣಿನ ಹಿಂದೆಯೂ ರಕ್ತ ಇಳಿಯುತ್ತದಂತೆ. ಅದಕ್ಕೆ ಕೆಲವೇ ಗಳಿಗೆ ಸಾಕಂತೆ. ಹೊರಗೆ ಗೀರೂ ಕಾಣುವುದಿಲ್ಲ.

ಅಂದು ಮಧ್ಯಾಹ್ನ ನೀರಿನ ಟ್ಯಾಂಕರ್ ಬಂದಿತ್ತು. ಕೂಸು ಮಲಗಿತ್ತು, ಇವರು ಮಲಗಿದ್ದರು. ನಾನು ಕೊಡ ತೆಗೆದುಕೊಂಡು ಹೋದೆ. ಸಾಲು ಉದ್ದವಿತ್ತು. ತಿರುಗಿ ಬಂದಾಗ ಮನೆ ಸುಮ್ಮನಿತ್ತು. ದೇವರೇ, ಎಷ್ಟು ದಿನದ ಮೇಲೆ ಮನೆ ಸುಮ್ಮನಿದೆ ಎಂದು ನನಗೆ ಖುಷಿಯಾಯಿತು. ಇವರು ಗೋಡೆಗೆ ಒರಗಿ ಕುಳಿತಿದ್ದರು. ‘ಮಲಗ್ಯಾಳ’ ಅಂದರು. ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಜೋತುಬಿದ್ದಳು. ಆಮೇಲೆ ವಾಂತಿ ಮಾಡಿಕೊಂಡಳು. ಜಂಬಕ್ಕ ಬಂದು ದೃಷ್ಟಿ ಎಂದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ಅದನ್ನೇ ನಂಬಿ ಸಂಜೆಯವರೆಗೆ ಕುಳಿತೆ. ಫಿಟ್ಸ್ ಬಂದ ಮೇಲೆ ಓಡಿದೆವು. ತಡಮಾಡಬಾರದಿತ್ತು ಎಂದು ಡಾಕ್ಟರಮ್ಮ ಹೇಳಿದರು. ಬೈಯಲಿಲ್ಲ, ಹೇಳಿದರು ಅಷ್ಟೇ.

ಈ ಮಾತು ಕೇಳಿಕೊಂಡು ಹೊರಗೆ ಬಂದು ಇವರ ಮುಖ ನೋಡಿದೆ. ಕೇಳುವುದೇ ಬೇಕಾಗಲಿಲ್ಲ. ವರಾಂಡದಲ್ಲಿ ಎಲ್ಲರೆದುರು ಕುಕ್ಕರಿಸಿಬಿಟ್ಟರು. ‘ಸುಮ್ಮನಾಗ್ಲಿ ಅಂತ ಮಾಡಿದೆ ತುಳಸಿ. ಸುಮ್ಮನಾತು ನೋಡು’ ಎಂದರು. ಆಮೇಲೆ ಡಾಕ್ಟರಮ್ಮನ ಹತ್ತಿರ ತಾವೇ ಹೋಗಿ ಹೇಳಿದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋಗಿದ್ದಾರೆ, ಕರೆದಾಗಲೆಲ್ಲ ಇವರು ಸ್ಟೇಷನ್ನಿಗೆ ಹೋಗಬೇಕು.

ನಿಮ್ಮ ಮಗ ಕೆಟ್ಟವನಲ್ಲ ಎಂದು ನೀವು ಹೇಳಬಹುದು. ನನಗೂ ಗೊತ್ತಿದೆ. ಗೊತ್ತಿದ್ದು ಏನು ಮಾಡಲಿ? ಹುಲಿಗಿಯ ಎಡಗಣ್ಣಿಗೆ ಬೆಳಕು ಬಿಟ್ಟರೂ ಅದು ತಿರುಗುವುದಿಲ್ಲ.

ನಾವಿಬ್ಬರೂ ತಪ್ಪು ಮಾಡದ ಕೈಯ ಮೇಲೇ ಕಣ್ಣಿಟ್ಟು ಕುಳಿತೆವು ಅತ್ತೆ. ನಿಮ್ಮ ಕೈಯನ್ನು ಮನೆಯಿಂದ ಕಳಿಸಿದೆ. ನೀವಿದ್ದಿದ್ದರೆ ನಾನು ನೀರಿಗೆ ಹೋದಾಗ ಕೂಸು ನಿಮ್ಮ ತೊಡೆಯ ಮೇಲಿರುತ್ತಿತ್ತು.

ನಾಡಿದ್ದು ಮನೆಗೆ ಕಳಿಸುತ್ತಾರೆ. ಯಾವ ಮನೆಗೆ ಹೋಗಲಿ ಎಂದು ತಿಳಿಯುತ್ತಿಲ್ಲ. ಕುರೆಕುಪ್ಪಕ್ಕೆ ಹೋಗಲು ಕಾಲು ಬರುತ್ತಿಲ್ಲ. ಸಂಡೂರಿನಲ್ಲಿ ಅಪ್ಪನ ಮನೆಯಲ್ಲಿ ನನಗೆ ಚಾಪೆ ಹಾಕುವವರಿಲ್ಲ.

ಮುಂಜಾನೆಯ ಬಸ್ಸು ಇನ್ನೂ ಇದೆಯೇ?

ತುಳಸಿ

*

ಕಂಪ್ಲಿ
9-11-2006

ತುಳಸಿ,

ಈ ಕಾಗದ ಬರೆದು ಮುಗಿಸಿ ನಾನೇ ಹೊರಡುತ್ತೇನೆ. ಇದು ಟಪಾಲಿಗೆ ಬೀಳುವುದಿಲ್ಲ, ನನ್ನ ಸಂಚಿಯಲ್ಲೇ ಬರುತ್ತದೆ. ನಿನ್ನ ಮುಖ ನೋಡಿದರೆ ಅಳು ಬಂದು ಮಾತು ನಿಂತೀತು, ಅದಕ್ಕೆ ಬರೆದಿಟ್ಟುಕೊಂಡಿದ್ದೇನೆ. ಕೈಗೆ ಕೊಡುತ್ತೇನೆ, ಓದಿಕೋ.

ನನ್ನ ಮಗನ ಪರವಾಗಿ ಒಂದು ಮಾತೂ ಆಡುವುದಿಲ್ಲ. ನೀನೂ ಕೂಸೂ ಕಂಪ್ಲಿಗೆ ಬರುತ್ತೀರಿ. ಅವನು ಅಲ್ಲೇ ಇರಲಿ. ನೀನು ಹೂಂ ಅನ್ನುವವರೆಗೆ ನನ್ನ ಹೊಸ್ತಿಲು ದಾಟುವುದಿಲ್ಲ, ಅವನನ್ನು ಹಡೆದ ನಾನೇ ಇದನ್ನು ಹೇಳುತ್ತಿದ್ದೇನೆ.

ಓಣಿಯವರು ಕೇಳಿದರೆ ನಿಜ ಹೇಳೋಣ. ಮುಚ್ಚಿಟ್ಟರೆ ಇನ್ನೊಬ್ಬರ ಮನೆಯಲ್ಲೂ ಹೀಗೇ ಆದೀತು.

ಭರಮಮ್ಮ

*

ಕಂಪ್ಲಿ
18-1-2007

ಹನುಮೇಶ,

ನೀನು ಹಾಕಿದ ಪತ್ರಗಳೆಲ್ಲ ಬಂದಿವೆ. ತುಳಸಿ ಒಂದನ್ನೂ ಒಡೆದಿಲ್ಲ, ಬಿಸಾಡಿಯೂ ಇಲ್ಲ. ಗೂಡಿನಲ್ಲಿ ಇಟ್ಟಿದ್ದಾಳೆ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಹುಲಿಗಿ ಮಾತ್ರೆ ನುಂಗುತ್ತಾಳೆ, ಜೇನಿನಲ್ಲಿ ಕಲಸಿದರೆ ಬೇಗ ಇಳಿಯುತ್ತದೆ ಎಂದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡ ಎಂದು ತುಳಸಿ ತಡೆದಳು. ಈ ಸಲ ಒಳಗೆ ಕರೆದು ಹೇಳಿದಳು. ಎದೆಹಾಲಿನಲ್ಲೇ ಕಲಸುತ್ತೇವೆ. ಫಿಟ್ಸ್ ಕಡಿಮೆಯಾಗಿದೆ. ಕತ್ತು ಇನ್ನೂ ಪೂರ್ತಿ ನಿಂತಿಲ್ಲ, ಈ ವಯಸ್ಸಿಗೆ ನಿಲ್ಲಬೇಕಿತ್ತು. ನಾನೇ ಎರೆಯುತ್ತೇನೆ, ತೂಗುವುದಿಲ್ಲ. ನನ್ನ ಕೈಯಿಂದ ಪೆಟ್ಟಾಗಿಲ್ಲ ಎಂದ ಡಾಕ್ಟರಮ್ಮನೇ, ‘ಆದ್ರೂ ಅದು ಬ್ಯಾಡ ಅಜ್ಜಿ, ಎಸೆದು ಹಿಡಿಯೋದೂ ಬ್ಯಾಡ’ ಅಂದರು. ಬಿಟ್ಟೆ. ಅತ್ತೆಯ ಅತ್ತೆಯಿಂದ ಬಂದದ್ದು ಒಂದು ಮಾತಿಗೆ ಬಿಡಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ನಿನ್ನ ಮೇಲೆ ನನಗೆ ಎರಡು ಸಿಟ್ಟಿದೆ. ಕೂಸಿಗೆ ಮಾಡಿದ್ದು ಒಂದು. ಅದಾದ ಮೇಲೂ ನಿನ್ನ ಅವ್ವನ ಕೈ ತೋರಿಸಿ ತಪ್ಪಿಸಿಕೊಂಡದ್ದು ಇನ್ನೊಂದು. ಎರಡನೆಯದನ್ನು ಎಂದಾದರೂ ನುಂಗಿಕೊಂಡೇನು, ಹಡೆದ ಹೊಟ್ಟೆ. ಮೊದಲನೆಯದು ನನ್ನ ಕೈಯಲ್ಲಿಲ್ಲ, ಅದು ಹುಲಿಗಿಯದು.

ಆದರೆ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಕೂಸು ಅಳು ನಿಲ್ಲಿಸದಿದ್ದರೆ ತೊಟ್ಟಿಲಲ್ಲಿ ಹಾಕಿ ಹೊರಗೆ ಬಾ ಎಂದು ತುಳಸಿಗೆ ಬರೆದಿದ್ದೆ. ಹನುಮೇಶನಿಗೆ ಹೇಳಬೇಡ ಎಂದೂ ಬರೆದಿದ್ದೆ. ಊರ ಹೆಣ್ಣುಮಕ್ಕಳಿಗೆಲ್ಲ ಹೇಳಿಕೊಟ್ಟೆ, ಒಬ್ಬ ಗಂಡಸಿನ ಕೈಗೂ ಕೂಸು ಕೊಟ್ಟು ‘ಹಿಂಗ ಹಿಡಿಲೇ’ ಎನ್ನಲಿಲ್ಲ. ಇದರಿಂದ ನಿನ್ನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೂ ಈಗ ಹೇಳುತ್ತೇನೆ, ಕೇಳು: ಕೂಸು ಅತ್ತರೆ ಅದು ನಿನ್ನ ಮೇಲಿನ ಹಗೆಗೆ ಅಳುವುದಲ್ಲ. ನಿನ್ನ ನಿದ್ದೆ ಕೆಡಿಸಬೇಕೆಂದೂ ಅಲ್ಲ. ಅದಕ್ಕೆ ಇರುವುದು ಅದೊಂದೇ ಮಾತು. ಸಿಟ್ಟು ಬಂದರೆ ಕೂಸನ್ನು ಕೆಳಗಿಟ್ಟು ಹೊರಗೆ ಹೋಗು, ಇಲ್ಲವೇ ಯಾರನ್ನಾದರೂ ಕೂಗು. ಇಷ್ಟೇ.

ನಿಜ ತಿಳಿದ ಮೇಲೆ ಓಣಿಯವರು ಮತ್ತೆ ನನ್ನನ್ನು ಎರೆಯಲು ಕರೆಯುತ್ತಿದ್ದಾರೆ. ಈಗ ಎರೆಯುವ ಮನೆಗಳಲ್ಲೆಲ್ಲ ಕೂಸಿನ ಅಪ್ಪನನ್ನು ಬಚ್ಚಲಿಗೆ ಕರೆಯುತ್ತೇನೆ. ಮೊದಲು ಕರೆದದ್ದು ಎರ್ರೆಮ್ಮನ ಅಳಿಯನನ್ನು. ಗೋಡೆಗೆ ಅಂಟಿಕೊಂಡು ನಿಂತಿದ್ದ, ಬೆವರಿಬಿಟ್ಟ. ಹೆಂಗಸರು ನಕ್ಕರು. ನಗಲಿ.

ಊಟ ಸರಿಯಾಗಿ ಮಾಡು.

ನಿನ್ನ ಅವ್ವ

*

ಕುರೆಕುಪ್ಪ
25-2-2007

ಅವ್ವಗೆ,

ನನಗೆ ಪತ್ರ ಬರೆಯಲು ಬರುವುದಿಲ್ಲ, ಆದರೂ ಬರೆಯುತ್ತೇನೆ.

ರಾತ್ರಿಪಾಳಿ ಬಿಡಿಸಿಕೊಂಡಿದ್ದೇನೆ. ಈಗ ಹಗಲು ಟಿಪ್ಪರ್ ನಡೆಸುತ್ತೇನೆ. ಮನೆಯಲ್ಲಿ ತೊಟ್ಟಿಲು ಹಾಗೇ ಇದೆ. ಅದರ ಮೇಲೆ ಕೆಂಪು ಧೂಳು ಕೂರುತ್ತದೆ, ಒರೆಸುತ್ತೇನೆ, ಮತ್ತೆ ಕೂರುತ್ತದೆ. ಮನೆ ಎಷ್ಟು ಸುಮ್ಮನಿದೆ ಎಂದರೆ ಮಲಗಲು ಆಗುವುದಿಲ್ಲ. ನಾನು ಕೇಳಿದ್ದು ಇದನ್ನೇ ಅಲ್ಲವೇ ಎಂದು ಅನ್ನಿಸುತ್ತದೆ.

ಜಂಬಕ್ಕ ಮನೆ ಬಿಟ್ಟು ಹೋದಳು. ಅಲ್ಲಿ ಓಬಳೇಶ ಎನ್ನುವವನು ಬಂದಿದ್ದಾನೆ, ಸ್ಟೀಲ್ ಪ್ಲಾಂಟಿನಲ್ಲಿ ಕಂತ್ರಾಟು ಕೆಲಸ. ಹೆಂಡತಿ, ಒಂದು ಎಳೆಗೂಸು. ಹೋದ ಭಾನುವಾರ ಮಧ್ಯಾಹ್ನ ಆ ಕೂಸು ಅಳಲು ಶುರುಮಾಡಿತು. ಹೆಂಡತಿ ಮನೆಯಲ್ಲಿ ಇರಲಿಲ್ಲ. ಕೂಸು ನಿಲ್ಲಲಿಲ್ಲ. ‘ಬಾಯಿ ಮುಚ್ಚಲೇ, ಮುಚ್ಚತೀಯೋ ಇಲ್ಲೋ’ ಎಂದು ಅವನು ಕೂಗಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅವ್ವ, ಅದು ನನ್ನ ದನಿಯೇ. ಮಾತೂ ನನ್ನದೇ.

ಬಾಗಿಲು ಬಡಿದೆ. ತೆರೆಯಲಿಲ್ಲ. ಒದ್ದು ಒಳಗೆ ಹೋದೆ. ಅವನು ಕೂಸನ್ನು ಎದೆಯ ಎರಡೂ ಕಡೆ ಹಿಡಿದು ಮುಖದೆದುರು ಎತ್ತಿದ್ದ. ನಾನು ಹಾಗೇ ಹಿಡಿದಿದ್ದೆ.

‘ಓಬಳೇಶಾ, ಕೂಸನ್ನ ಕೆಳಗ ಹಾಕು’ ಎಂದೆ.

‘ನೀ ಯಾರಲೇ ಹೇಳಾಕ? ಬಾಗ್ಲಾ ಒದಿತೀಯೇನು?’

‘ಬಾಗ್ಲಾ ನಾ ಮಾಡಿಸಿಕೊಡ್ತೀನಿ. ಕೂಸನ್ನ ಜೋಳಿಗ್ಯಾಗ ಹಾಕಿ ಹೊರಗ ಬಾ.’

‘ಅಳಾಕತ್ತೇತಲ್ಲೋ ಮಾರಾಯಾ!’

‘ಅಳ್ಳಿ. ಅತ್ರ ಏನೂ ಆಗಂಗಿಲ್ಲ. ನಿನ್ನ ಕೈಯಾಗ ಇದ್ರ ಆಕ್ಕತಿ. ಬಾ.’

ಹಾಕಿದ. ನಾನು ಮುಟ್ಟಲಿಲ್ಲ, ಮುಟ್ಟಲು ನನಗೆ ಧೈರ್ಯವಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಒಳಗೆ ಕೂಸು ಅಳುತ್ತಿತ್ತು. ಅವನಿಗೆ ನೀರು ಕೊಟ್ಟೆ. ಆಗಾಗ ಎದ್ದು ಇಣುಕಿ ಬಂದ. ಸ್ವಲ್ಪ ಹೊತ್ತಿಗೆ ಅಳು ಕಡಿಮೆಯಾಯಿತು, ಮತ್ತೆ ಜೋರಾಯಿತು, ಆಮೇಲೆ ಬಿಕ್ಕುತ್ತ ಬಿಕ್ಕುತ್ತ ನಿಂತಿತು. ಅವನು ಓಡಿಹೋಗಿ ನೋಡಿದ. ಬೆರಳು ಚೀಪುತ್ತ ಮಲಗಿತ್ತಂತೆ.

‘ಹಿಂಗ ಮಾಡಬೇಕಂತ ನಿನಗ್ಯಾರು ಹೇಳಿದ್ರು?’ ಎಂದು ಕೇಳಿದ.

‘ನಮ್ಮವ್ವ’ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ನಾನು ಏನು ಮಾಡಿದೆ ಎಂದು ಎಲ್ಲ ಹೇಳಿದೆ. ಖಾಲಿ ತೊಟ್ಟಿಲನ್ನು ತೋರಿಸಿದೆ. ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ಎದ್ದು ಒಳಗೆ ಹೋಗಿ ಬಾಗಿಲಿಗೆ ಅಡ್ಡವಾಗಿ ಟ್ರಂಕು ಇಟ್ಟುಕೊಂಡ.

ಅವನ ಹೆಂಡತಿ ಈಗ ನಾನು ಬರುವುದು ಕಂಡರೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ಸರಿಯೇ ಮಾಡುತ್ತಾಳೆ. ಆದರೆ ನಿನ್ನೆ ಕೂಸು ಅತ್ತಾಗ ಓಬಳೇಶ ತಾನೇ ಹೊರಗೆ ಬಂದ. ಕಟ್ಟೆಯ ಆ ತುದಿಗೆ ಕುಳಿತ, ನಾನು ಈ ತುದಿಗೆ ಕುಳಿತಿದ್ದೆ. ಅಳು ನಿಂತ ಮೇಲೆ ಎದ್ದು ಹೋದ.

ತುಳಸಿಗೆ ಇದನ್ನು ಓದಿ ಹೇಳಬೇಡ. ಒಳ್ಳೆಯವನಾದೆ ಎಂದು ತೋರಿಸಿಕೊಳ್ಳಲು ಬರೆದ ಹಾಗಾಗುತ್ತದೆ. ಹುಲಿಗಿಯನ್ನು ನೋಡಬೇಕು ಎನ್ನಿಸುತ್ತದೆ. ಎತ್ತಿಕೊಳ್ಳಬೇಕು ಎಂದಲ್ಲ, ನೋಡಬೇಕು. ನನಗೆ ಕೇಳುವ ಹಕ್ಕಿಲ್ಲ, ಆದ್ದರಿಂದ ಕೇಳುತ್ತಿಲ್ಲ.

ಹನುಮೇಶ

*

ಕಂಪ್ಲಿ
6-3-2007

ಇವರಿಗೆ,

ಅತ್ತೆ ನಿಮ್ಮ ಪತ್ರವನ್ನು ಓದಿ ಹೇಳಲಿಲ್ಲ. ಒಲೆಯ ಕಟ್ಟೆಯ ಮೇಲೆ ಕನ್ನಡಕದ ಕೆಳಗೆ ಇಟ್ಟು ಕಾಲುವೆಗೆ ಬಟ್ಟೆ ಒಗೆಯಲು ಹೋದರು. ಒಗೆಯುವ ಬಟ್ಟೆ ಒಂದೂ ಇರಲಿಲ್ಲ. ನಾನೇ ಓದಿಕೊಂಡೆ.

ನಾನು ಮರೆತಿಲ್ಲ. ಮರೆಯುವುದೂ ಇಲ್ಲ, ಹಾಗೆಂದು ನಿರೀಕ್ಷಿಸಬೇಡಿ. ಕುರೆಕುಪ್ಪಕ್ಕೆ ತಿರುಗಿ ಬರುವ ಮಾತು ಈಗ ಎತ್ತಬೇಡಿ.

ಬರುವ ಭಾನುವಾರ ಹುಲಿಗಿಗೆ ಎರೆಯುವ ಹೊತ್ತಿಗೆ ಬನ್ನಿ. ಅತ್ತೆ ಪಕ್ಕದಲ್ಲಿರುತ್ತಾರೆ, ನಾನೂ ಇರುತ್ತೇನೆ. ಹೇಗೆ ಹಿಡಿಯಬೇಕು ಎಂದು ಅವರು ತೋರಿಸುತ್ತಾರೆ. ಆಮೇಲೆ ಟವೆಲಿನಲ್ಲಿ ಸುತ್ತಿ ನಿಮ್ಮ ತೊಡೆಯ ಮೇಲೆ ಇಡುತ್ತೇವೆ. ಅತ್ತರೆ ತಿರುಗಿ ಕೊಟ್ಟುಬಿಡಿ, ನಾಚಿಕೊಳ್ಳಬೇಡಿ.

ಬಂದಾಗ ಅವಳ ಬಲಗಡೆಗೆ ಕುಳಿತುಕೊಳ್ಳಿ. ಎಡಗಡೆ ಕುಳಿತರೆ ನೀವು ಬಂದದ್ದು ಅವಳಿಗೆ ಕಾಣುವುದಿಲ್ಲ.

ತುಳಸಿ